ಚಿತ್ರನಟಿಯರ ಜೀವನಚರಿತ್ರೆ: ಬೀಳಗಿಯ ಸೋದರಿಯರನ್ನು ಕುರಿತು ಕೆಲವು ವಿಚಾರಗಳು

1

ಜೀವನಚರಿತ್ರೆಯ ರಚನೆಯಲ್ಲಿ ಎರಡು ಕೆಲಸಗಳಿವೆ. ಸಂಗತಿಗಳನ್ನು ಕೂಡಿಸುವುದು ಒಂದು. ಕೂಡಿಸಿದವುಗಳಲ್ಲಿ ಯಾವುದು ಪರೀಕ್ಷೆಗೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ನಿರ್ಣಯಿಸುವುದು ಇನ್ನೊಂದು. ಕನ್ನಡ ಕವಿಗಳ ವಿಷಯದಲ್ಲಿ ನಾವು ಈ ಎರಡನ್ನೂ ಸಾಕಷ್ಟು ಶ್ರದ್ಧೆಯಿಂದ ಮಾಡುತ್ತ ಬಂದಿದ್ದೇವೆ. ಕವಿಚರಿತೆಯ ಮೊದಲನೆಯ ಸಂಪುಟ 1907ರಲ್ಲಿ ಹೊರಬಿದ್ದಂದಿನಿಂದ ಒಬ್ಬೊಬ್ಬ ಕವಿಯ ಕಾಲ, ದೇಶ, ಮತ, ಆಶ್ರಯಗಳನ್ನು ಕುರಿತು ನಡೆದ ಚರ್ಚೆಗೆ ಲೆಕ್ಕವಿಲ್ಲ. ಒಂದು ಶಾಸನದ ಒಂದು ಸಾಲಿಗಾಗಿ ನಮ್ಮ ಹಿರಿಯ ವಿದ್ವಾಂಸರು ವರ್ಷಗಟ್ಟಲೆ ವಾದಿಸಿದ್ದುಂಟು. ಇಷ್ಟು ಕಟ್ಟುನಿಟ್ಟಾದ ಪದ್ಧತಿಯನ್ನು ಬೆಳೆಸಿಕೊಂಡ ನಾವು ನಮ್ಮ ಕಾಲಕ್ಕೆ ತೀರ ಸಮೀಪದವರಾದ ನಟಿಯರ ವಿಷಯಕ್ಕೆ ಬಂದೊಡನೆ ಅದನ್ನು ಹೊಸ್ತಿಲಾಚೆಗೇ ಬಿಟ್ಟುಬಿಡುತ್ತೇವೆ. ಅಲ್ಲಿ ಯಾರೋ ಹೇಳಿದ್ದು ಪ್ರಮಾಣ. ಎಲ್ಲಿಯೋ ಅಚ್ಚಾದದ್ದು ಆಧಾರ. ಇದು ಏಕೆ ಹೀಗಾಯಿತು, ಇದರಿಂದ ಯಾರಿಗೆ ಅನ್ಯಾಯವಾಯಿತು ಎಂಬುದನ್ನು ಒಂದು ನಿದರ್ಶನದ ಮೂಲಕ ವಿಚಾರಿಸುವುದು ಈ ಲೇಖನದ ಉದ್ದೇಶ.

ಚಲಚ್ಚಿತ್ರದ ನಟಿಯರು ಕನ್ನಡ ವಿಭಾಗದ ಸಂಶೋಧನೆಗೆ ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಇದಕ್ಕೆ ನಮ್ಮ ಸಮಾಧಾನ ಸರಳವಾದದ್ದು. ವಾಕ್ಚಿತ್ರದ ಮೊದಲ ತಲೆಮಾರಿನ ನಟಿಯರಲ್ಲಿ ಬಹುಮಂದಿ ರಂಗಭೂಮಿಯಿಂದ ಬಂದವರು. ಅವರಲ್ಲಿ ಕನ್ನಡನಾಡಿನವರ ಕಂಠ ಪಳಗಿದ್ದು, ನಾಲಗೆ ತಿರುಗಿದ್ದು ಕನ್ನಡ ನಾಟಕ ಕಂಪನಿಗಳಲ್ಲಿ. ಕನ್ನಡ ರಂಗಭೂಮಿಯ ಚರಿತ್ರೆ ನಮ್ಮ ವಿಷಯವಾಗಿದ್ದರೆ ಅಲ್ಲಿಂದ ಹೊರಟು ಮುಂಬಯಿ ಸೇರಿದವರ ಚರಿತ್ರೆಯೂ ನಮ್ಮದೇ. ಗದಗು, ಲಕ್ಷ್ಮೇಶ್ವರ, ಶಿರಹಟ್ಟಿಗಳ ಸುತ್ತಿನಲ್ಲಿರುವ ನಮಗಂತೂ ಇದು ಮನೆಯ ಮಾತು. ಶಿರಹಟ್ಟಿಯ ವೆಂಕೋಬರಾಯರ ಮಂಡಳಿ, ಗದಗಿನ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಸ್ತ್ರೀಯರೇ ಪಾತ್ರ ವಹಿಸುತ್ತಿದ್ದ ಲಕ್ಷ್ಮೇಶ್ವರದ ಬಚ್ಚಾಸಾನಿಯವರ ಕಂಪನಿ, ಇವೆಲ್ಲ ಒಂದು ದಿನದ ಎತ್ತಿನ ಗಾಡಿಯ ಪ್ರಯಾಣದೊಳಗೆ ಇದ್ದಂಥವು.

2

ಇದೇ ಸೀಮೆಯ ಎರಡು ಉದಾಹರಣೆಗಳಿಂದ ಪದ್ಧತಿಯ ಮಾತನ್ನು ಮೊದಲು ತಿಳಿಯಾಗಿಸಿಕೊಳ್ಳೋಣ.

ಗದಗಿನ ವೀರನಾರಾಯಣ ದೇವಾಲಯದಲ್ಲಿ ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ರಚಿಸಿದನೆಂದು ಒಂದು ಕಂಬವನ್ನು ತೋರಿಸುತ್ತಾರೆ. ಮಿಂದು ಬಂದು ಉಟ್ಟ ಒದ್ದೆಯ ವಸ್ತ್ರ ಆರುವವರೆಗೆ ಮಾತ್ರ ಕವಿತೆ ಹರಿಯುತ್ತಿತ್ತೆಂದು ಹೇಳುತ್ತಾರೆ. ಈ ಐತಿಹ್ಯವನ್ನು ನಾವು ಪ್ರೀತಿಯಿಂದ ಕೇಳುತ್ತೇವೆ. ಜನರ ಮನಸ್ಸಿನಲ್ಲಿ ಕವಿಗೆ ದೊರೆತ ಸ್ಥಾನಕ್ಕೆ ಅದನ್ನು ಸಾಕ್ಷಿಯಾಗಿಯೂ ಉಪಯೋಗಿಸುತ್ತೇವೆ. ಆದರೆ ಕಾಲನಿರ್ಣಯದ ಅಧ್ಯಾಯದಲ್ಲಿ ಅದನ್ನು ತಂದು ಸೇರಿಸುವುದಿಲ್ಲ. ಐತಿಹ್ಯಕ್ಕೆ ಅದರ ಜಾಗ, ಪ್ರಮಾಣಕ್ಕೆ ಅದರ ಜಾಗ.

ಎರಡನೆಯದು ಗದಗಿಗೆ ಸಮೀಪದ ಲಕ್ಕುಂಡಿಯದು. 1007ರ ಅಲ್ಲಿಯ ಶಾಸನ ಅತ್ತಿಮಬ್ಬೆಯನ್ನು ಕೊಂಡಾಡುತ್ತದೆ. ಆಕೆ ಬಸದಿಯನ್ನು ಕಟ್ಟಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, ರನ್ನನಿಗೆ ಆಶ್ರಯವಿತ್ತಳು. ಅತ್ತಿಮಬ್ಬೆ ಯಾರ ಮಗಳು, ಯಾರ ಮಡದಿ, ಎಂಥ ದುಃಖವನ್ನು ಕಂಡವಳು ಎಂಬುದೂ ನಮಗೆ ತಿಳಿದಿದೆ. ಆದರೂ ಆಕೆ ನಮ್ಮ ನೆನಪಿನಲ್ಲಿ ನಿಂತಿರುವುದು ಮಾಡಿದ ಕೆಲಸದಿಂದ. ಸಾವಿರ ವರ್ಷಗಳ ಹಿಂದೆ ಈ ನೆಲದಲ್ಲಿಯೇ ಒಬ್ಬ ಹೆಣ್ಣುಮಗಳ ಚರಿತ್ರೆಯನ್ನು ಆಕೆಯ ಕೃತಿಗಳ ಮೂಲಕ ಹೇಳುವ ಮರ್ಯಾದೆಯಿತ್ತು. ಇಪ್ಪತ್ತನೆಯ ಶತಮಾನದ ನಟಿಯ ಚರಿತ್ರೆಯನ್ನು ಬರೆಯುವಾಗ ಆ ಮರ್ಯಾದೆ ನಮಗೆ ಮರೆತುಹೋಯಿತೆಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ಆಕೆ ಏನನ್ನು ಮಾಡಿದಳು ಎಂಬುದಕ್ಕಿಂತ ಆಕೆಯಿಂದ ಯಾವ ಗಂಡಸಿಗೆ ಏನಾಯಿತು ಎಂಬುದೇ ಅಲ್ಲಿ ಕಥೆಯ ಬೆನ್ನೆಲುಬಾಗಿರುತ್ತದೆ.

3

ನಮ್ಮ ನಿದರ್ಶನ ಬೀಳಗಿಯ ಸೋದರಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಅವರು. ಬೀಳಗಿ ಆಗ ವಿಜಾಪುರ ಜಿಲ್ಲೆಗೆ ಸೇರಿತ್ತು. 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಕಲಾವಂತರ ಮನೆತನದಲ್ಲಿ ಹುಟ್ಟಿ, ಎಳೆತನದಲ್ಲಿಯೇ ಕನ್ನಡ ನಾಟಕಗಳಲ್ಲಿ ಹಾಡಿ ಅಭಿನಯಿಸಿ, ಇಬ್ಬರೂ ಮುಂಬಯಿಯ ದಾರಿ ಹಿಡಿದರು. ಅಕ್ಕ ಮೊದಲು ಹೋದರು. ತಂಗಿ ಹಿಂದಿನಿಂದ ಹೋಗಿ 1934ರಲ್ಲಿ ವಿಷ್ಣುಭಕ್ತಿ ಎಂಬ ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದರು. ನಟಿಯಾಗಿ ಆರಂಭಿಸಿದ ಅಮೀರಬಾಯಿಯವರಿಗೆ ದೊಡ್ಡ ಕೀರ್ತಿ ಬಂದದ್ದು ಹಿನ್ನೆಲೆ ಗಾಯನದಿಂದ. ಬಾಂಬೆ ಟಾಕೀಜಿನ ಕಿಸ್ಮತ್ 1943ರಲ್ಲಿ ತೆರೆಕಂಡು ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಮೀರಿ ಓಡಿತು. ಅನಿಲ ಬಿಸ್ವಾಸರ ಸಂಗೀತದ ಆ ಚಿತ್ರದಲ್ಲಿ ನಾಯಿಕೆಯ ತುಟಿಗಳಿಗೆ ಹೊಂದಿಬಂದ ಕಂಠ ಬೀಳಗಿಯದು. 1944ರ ರತನ್ ಮತ್ತು ಭರ್ತೃಹರಿ, 1947ರ ಶಹನಾಯಿ ಮುಂತಾದವುಗಳಲ್ಲಿ ಅವರ ಹಾಡುಗಳಿವೆ. 1948ರ ಶಹನಾಜ್ ಎಂಬ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕರು. ಸ್ತ್ರೀಯೊಬ್ಬರು ಸಂಗೀತ ನಿರ್ದೇಶಕರಾಗುವುದು ಅಂದಿಗೆ ಎಷ್ಟು ವಿರಳವಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ವಿಜಾಪುರದಲ್ಲಿ ತಮ್ಮ ಹೆಸರಿನ ಚಿತ್ರಮಂದಿರವನ್ನೂ ಕಟ್ಟಿಸಿದರು. 1965ರ ಮಾರ್ಚ್ 3ರಂದು ತೀರಿಕೊಂಡರು.

ಇಂಥ ಜೀವನದ ಮೇಲೆ ಕನ್ನಡದಲ್ಲಿ ಬಹುಕಾಲ ಒಂದು ಪುಸ್ತಕವೂ ಇರಲಿಲ್ಲ. ಸೂಫಿಗಳನ್ನೂ ನಾಥಪಂಥವನ್ನೂ ಕುರಿತು ಊರೂರು ತಿರುಗಿ ಬರೆದ ಶ್ರೀ ರಹಮತ್ ತರೀಕೆರೆಯವರು ಅಮೀರಬಾಯಿಯವರ ಜೀವನಚಿತ್ರವನ್ನು ಬರೆದು ಈ ಕೊರತೆಯನ್ನು ನೀಗಿಸಿದರು. ಸಾಹಿತ್ಯದ ಅಧ್ಯಾಪಕರೊಬ್ಬರು, ಅದೂ ಕ್ಷೇತ್ರಕಾರ್ಯದಲ್ಲಿ ಪಳಗಿದವರು, ಈ ವಿಷಯವನ್ನು ಕೈಗೆತ್ತಿಕೊಂಡದ್ದು ಮಹತ್ತ್ವದ ಸಂಗತಿ. ಮೇಲೆ ಎತ್ತಿದ ಪ್ರಶ್ನೆಗೆ ಅದೇ ಒಂದು ಉತ್ತರ. ಆದರೆ ಒಂದು ಪುಸ್ತಕ ಬಂದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಒಬ್ಬ ಕವಿಯ ಮೇಲೆ ಹತ್ತು ಪ್ರಬಂಧಗಳು ಬಂದ ಮೇಲೂ ಹನ್ನೊಂದನೆಯದಕ್ಕೆ ಅವಕಾಶವಿರುತ್ತದೆಂದು ನಮಗೆ ತಿಳಿದೇ ಇದೆ.

4

ಈ ಕ್ಷೇತ್ರದಲ್ಲಿ ಕಾಲಿಟ್ಟವನಿಗೆ ಎದುರಾಗುವ ಮೊದಲ ತೊಡಕು ಹೆಸರಿನದು. ಗೋಹರ ಎಂಬ ಹೆಸರಿನ ಮೂವರು ಪ್ರಸಿದ್ಧ ಕಲಾವಿದೆಯರಿದ್ದಾರೆ. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮೊಫೋನಿಗೆ ಹಾಡಿ ಹೆಸರಾದ ಗೋಹರ ಜಾನ್ ಮೊದಲನೆಯವರು; ಅವರು 1930ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಚಂದೂಲಾಲ ಶಹಾ ಅವರೊಡನೆ 1929ರಲ್ಲಿ ಮುಂಬಯಿಯ ರಣಜೀತ ಸಂಸ್ಥೆಯನ್ನು ಕಟ್ಟಿದ ಮಿಸ್ ಗೋಹರ ಎರಡನೆಯವರು. ನಮ್ಮ ಬೀಳಗಿಯ ಗೋಹರಬಾಯಿ ಮೂರನೆಯವರು. ಒಬ್ಬರ ಭಾವಚಿತ್ರದ ಕೆಳಗೆ ಇನ್ನೊಬ್ಬರ ಚರಿತ್ರೆ, ಒಬ್ಬರ ಹಾಡಿಗೆ ಇನ್ನೊಬ್ಬರ ಹೆಸರು ಅಂಟಿಕೊಳ್ಳಲು ಇಷ್ಟು ಸಾಕು. ಒಂದಕ್ಕಿಂತ ಹೆಚ್ಚು ನಾಗವರ್ಮರನ್ನು ಬೇರ್ಪಡಿಸಲು ಪಟ್ಟ ಶ್ರಮವನ್ನು ನಾವು ಇಲ್ಲಿಯೂ ಪಡಬೇಕು.

‘ಕರ್ನಾಟಕಿ’ ಎಂಬ ಉತ್ತರಪದವನ್ನೂ ಸುಮ್ಮನೆ ಬಿಡುವಂತಿಲ್ಲ. ಬೀಳಗಿಯಲ್ಲಿ ಇದ್ದಾಗ ಯಾರೂ ಅವರನ್ನು ಕರ್ನಾಟಕಿ ಎಂದು ಕರೆಯಬೇಕಾಗಿರಲಿಲ್ಲ. ನಾಡು ಬಿಟ್ಟು ಹೋದವರಿಗೆ ಮಾತ್ರ ನಾಡಿನ ಹೆಸರು ಬೇಕಾಗುತ್ತದೆ. ಆ ಪದವನ್ನು ಕಂಡಲ್ಲೆಲ್ಲ ಒಂದು ವಲಸೆಯ ಕಥೆಯಿದೆಯೆಂದು ತಿಳಿಯಬೇಕು. ಗಂಗೂಬಾಯಿ ಹಾನಗಲ್ಲರ ಆರಂಭದ ಧ್ವನಿಮುದ್ರಿಕೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವೆಂಬುದನ್ನು ಇಲ್ಲಿ ನೆನೆಯಬಹುದು. ಕಂಪನಿ ಇಟ್ಟ ಹೆಸರು, ಮನೆಯ ಹೆಸರು, ಪ್ರಸಿದ್ಧಿಯ ಹೆಸರು ಎಂದು ಒಬ್ಬೊಬ್ಬ ಕಲಾವಿದೆಗೆ ಮೂರು ಮೂರು ಹೆಸರುಗಳಿರುವುದು ಸಾಮಾನ್ಯ.

ಧ್ವನಿಮುದ್ರಿಕೆಯ ಮೇಲೆ ಅಚ್ಚಾಗಿದ್ದ ಮಾತ್ರಕ್ಕೆ ಅದು ಸತ್ಯವೆಂದೂ ಹೇಳುವಂತಿಲ್ಲ. ಆ ಕಾಲದಲ್ಲಿ ಹಾಡಿದವರ ಹೆಸರಿನ ಬದಲು ಚಿತ್ರದೊಳಗಿನ ಪಾತ್ರದ ಹೆಸರನ್ನು ಅಚ್ಚುಹಾಕುವ ರೂಢಿಯಿತ್ತು. 1949ರ ಮಹಲ್ ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಲತಾ ಮಂಗೇಶಕರರ ಹೆಸರಿರದೆ ‘ಕಾಮಿನಿ’ ಎಂಬ ಪಾತ್ರದ ಹೆಸರಿತ್ತೆಂಬುದು ಬಲ್ಲವರೆಲ್ಲರೂ ಬಲ್ಲ ಸಂಗತಿ. ಹೀಗಿರುವಾಗ ಧ್ವನಿಮುದ್ರಿಕೆ, ಹಾಡಿನ ಪುಸ್ತಕ, ಚಿತ್ರದ ಶೀರ್ಷಿಕೆಗಳು, ಅಂದಿನ ವಾರ್ತಾಪತ್ರಗಳ ಜಾಹೀರಾತು, ಈ ನಾಲ್ಕನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಪಾಠಾಂತರ ನೋಡುವಂತೆ ನೋಡಬೇಕು. ಅಮೀರಬಾಯಿಯವರ ಜನ್ಮವರ್ಷವೇ ಒಂದು ಕಡೆ 1906 ಎಂದೂ ಇನ್ನೊಂದು ಕಡೆ 1912 ಎಂದೂ ದೊರೆಯುತ್ತದೆ. ಒಂದನ್ನು ಹಿಡಿದರೆ ಮುಂಬಯಿಗೆ ಬಂದಾಗ ಅವರು ಇಪ್ಪತ್ತೆಂಟರ ಅನುಭವಿ ನಟಿ. ಇನ್ನೊಂದನ್ನು ಹಿಡಿದರೆ ಇಪ್ಪತ್ತೆರಡರ ತರುಣಿ. ಆರು ವರ್ಷಗಳ ಕಂಪನಿಯ ಬಾಳು ಈ ಅಂತರದಲ್ಲಿ ಅಡಗಿದೆ. ಇದು ಕೇವಲ ಅಂಕಿಯ ಪ್ರಶ್ನೆಯಲ್ಲ.

5

ಈಗ ಈ ಲೇಖನದ ಮುಖ್ಯವಾದ ವಿಷಯಕ್ಕೆ ಬರೋಣ. ಮರಾಠಿ ರಂಗಭೂಮಿಯ ಅಭಿಮಾನಿಗಳ ಬಾಯಲ್ಲಿ ಗೋಹರಬಾಯಿಯವರ ಹೆಸರು ಬಂದಾಗಲೆಲ್ಲ ಒಂದು ಆರೋಪವೂ ಜೊತೆಗೇ ಬರುತ್ತದೆ. ನಾರಾಯಣರಾವ ರಾಜಹಂಸ, ಅಂದರೆ ಬಾಲಗಂಧರ್ವರು, ಮರಾಠಿ ಸಂಗೀತ ನಾಟಕದ ಕಣ್ಮಣಿ; ಗೋಹರಬಾಯಿ ಬಂದುದರಿಂದ ಅವರ ವೈಭವ ಹಾಳಾಯಿತು, ಮಂಡಳಿ ಮುರಿಯಿತು, ಅವರು ಬಡತನಕ್ಕೆ ಬಿದ್ದರು ಎಂಬುದೇ ಆ ಆರೋಪ. ಇದು ಎಷ್ಟು ಸಲ ಹೇಳಲ್ಪಟ್ಟಿದೆಯೆಂದರೆ ಅದಕ್ಕೆ ಆಧಾರವೇನೆಂದು ಕೇಳುವುದೇ ಅವಿನಯವೆನಿಸುವಂತಾಗಿದೆ.

ನಾವು ಕೇಳುತ್ತೇವೆ. ಸಾಧನ ಬೇರೇನೂ ಬೇಡ, ಕಾಲಾನುಕ್ರಮಣಿಕೆಯೊಂದೇ ಸಾಕು. ಗಂಧರ್ವ ನಾಟಕ ಮಂಡಳಿ ಸ್ಥಾಪನೆಯಾದದ್ದು 1913ರಲ್ಲಿ. ಬೆಲೆಬಾಳುವ ಉಡುಪು, ಅತ್ತರು, ರಂಗಸಜ್ಜಿಕೆಗಳಿಗಾಗಿ ಮಂಡಳಿ ಮಾಡುತ್ತಿದ್ದ ವೆಚ್ಚ ದಂತಕಥೆಯಾಗಿತ್ತು. 1921ರ ಹೊತ್ತಿಗೇ ಅದರ ಮೇಲೆ ಭಾರಿ ಸಾಲದ ಹೊರೆಯಿತ್ತು; ಅದನ್ನು ತೀರಿಸಲು ಬಾಲಗಂಧರ್ವರು ಹಲವು ವರ್ಷ ದುಡಿದರು. ಭಾರತದ ಮೊದಲ ವಾಕ್ಚಿತ್ರ ಆಲಂ ಆರಾ 1931ರ ಮಾರ್ಚಿನಲ್ಲಿ ತೆರೆಕಂಡಿತು. ಅಲ್ಲಿಂದ ಮುಂದೆ ಎಲ್ಲ ಸಂಗೀತ ನಾಟಕ ಮಂಡಳಿಗಳಂತೆ ಇದರ ಉತ್ಪನ್ನವೂ ಇಳಿಯಿತು. ಮಂಡಳಿಯ ಆಟ ನಿಂತು, 1935ರಲ್ಲಿ ಬಾಲಗಂಧರ್ವರು ಪ್ರಭಾತ ಸಂಸ್ಥೆಯ ಧರ್ಮಾತ್ಮಾ ಚಿತ್ರದಲ್ಲಿ ಏಕನಾಥರ ಪಾತ್ರ ವಹಿಸಿದರು. ಸ್ತ್ರೀಪಾತ್ರಗಳಿಂದಲೇ ಜಗತ್ತನ್ನು ಗೆದ್ದ ನಟ ಗಂಡಸಿನ ಪಾತ್ರದಲ್ಲಿ ಚಿತ್ರರಂಗಕ್ಕೆ ಹೋಗುವ ಸ್ಥಿತಿ ಆಗಲೇ ಬಂದಿತ್ತು. ಗೋಹರಬಾಯಿ ಅವರ ನಾಟಕಗಳಿಗೆ ಬಂದು ಸೇರಿದ್ದು 1938ರಲ್ಲಿ. ಆಗ ಬಾಲಗಂಧರ್ವರಿಗೆ ಐವತ್ತು ವರ್ಷ ವಯಸ್ಸು.

1938ರಲ್ಲಿ ಬಂದವರು 1921ರ ಸಾಲಕ್ಕೆ ಕಾರಣರಾಗಲಾರರು. 1931ರಲ್ಲಿ ಬೀಸಿದ ಗಾಳಿಗೂ ಕಾರಣರಾಗಲಾರರು. ಕಾರ್ಯವು ಕಾರಣಕ್ಕಿಂತ ಮೊದಲು ಹುಟ್ಟುವುದನ್ನು ಯಾವ ತರ್ಕಶಾಸ್ತ್ರವೂ ಒಪ್ಪುವುದಿಲ್ಲ. ಐವತ್ತು ವಯಸ್ಸಿನ, ಇಳಿಗಾಲದ ನಟನ ಮಂಡಳಿಗೆ ಸ್ತ್ರೀಭೂಮಿಕೆಗಳನ್ನು ವಹಿಸಬಲ್ಲ, ಅದೇ ಗಾಯನಶೈಲಿಯನ್ನು ಕರಗತ ಮಾಡಿಕೊಂಡ ನಟಿಯೊಬ್ಬರು ಬಂದರು. ಅವರ ಆಸರೆಯಿಂದ ಆ ನಾಟಕಗಳು ಮತ್ತೆ ಕೆಲವು ಕಾಲ ನಡೆದವು ಎಂದು ಅದೇ ವರ್ಷಗಳನ್ನಿಟ್ಟುಕೊಂಡು ಹೇಳಬಹುದು. ಈ ಎರಡನೆಯ ವಾಚನವೇ ಪೂರ್ಣ ಸತ್ಯವೆಂದು ನಾವು ಸಾಧಿಸುತ್ತಿಲ್ಲ. ಮೊದಲನೆಯದಕ್ಕಿಂತ ಇದು ತೇದಿಗಳಿಗೆ ಹೆಚ್ಚು ಹೊಂದುತ್ತದೆ ಎಂದಷ್ಟೇ ನಮ್ಮ ವಾದ. 1951ರಲ್ಲಿ ಅವರಿಬ್ಬರ ಮದುವೆ ನಡೆಯಿತು. 1964ರಲ್ಲಿ ಗೋಹರಬಾಯಿ ತೀರಿಕೊಂಡರು, 1967ರಲ್ಲಿ ಬಾಲಗಂಧರ್ವರು. ಹದಿಮೂರು ವರ್ಷ ದಂಪತಿಗಳಾಗಿ ಬಾಳಿದ ಈ ಕೊನೆಯ ಭಾಗವನ್ನು ಹಿಡಿದು, ಅದಕ್ಕೂ ಹಿಂದೆ ಸಂಭವಿಸಿದ ನಷ್ಟಗಳನ್ನೆಲ್ಲ ಹೆಂಡತಿಯ ತಲೆಗೆ ಕಟ್ಟುವುದು ಚರಿತ್ರೆಯಲ್ಲ.

ಆರೋಪ ಹುಟ್ಟಿದ್ದಕ್ಕೆ ಕಾರಣವನ್ನೂ ವಿಮರ್ಶಕನು ಕಾಣಬೇಕು. ಅಭಿಮಾನಿಗೆ ತನ್ನ ದೇವರು ಮುಪ್ಪಾಗುವುದು ಸಹಿಸದು. ಕಾಲ, ಸಾಲ, ಹೊಸ ಯಂತ್ರ, ಇವುಗಳಿಗೆ ಮುಖವಿಲ್ಲ. ಇವುಗಳ ಮೇಲೆ ಸಿಟ್ಟಾಗಲು ಬರುವುದಿಲ್ಲ. ಹೊರನಾಡಿನ, ಬೇರೆ ಮತದ, ಕಲಾವಂತರ ಮನೆಯ ಹೆಣ್ಣೊಬ್ಬಳು ಎದುರಿಗಿದ್ದರೆ ಸಿಟ್ಟಿಗೆ ಒಂದು ಮುಖ ದೊರೆತಂತಾಗುತ್ತದೆ. ಗೋಹರಬಾಯಿಯವರು ಕನ್ನಡದವರು, ಮುಸಲ್ಮಾನರು, ನಟಿ. ಈ ಮೂರೂ ಕೂಡಿ ಅವರನ್ನು ಸಾಕ್ಷಿಯಿಲ್ಲದೆ ಶಿಕ್ಷಿಸುವುದನ್ನು ಸುಲಭ ಮಾಡಿದವು. ಇದರಲ್ಲಿ ನಮ್ಮ ತಪ್ಪೂ ಇದೆ. ಮರಾಠಿಯಲ್ಲಿ ಬಂದ ಮಾತನ್ನು ಕನ್ನಡದಲ್ಲಿ ಪರೀಕ್ಷಿಸಬಲ್ಲವರು ನಾವು; ನಾವು ಸುಮ್ಮನಿದ್ದೆವು.

6

ಅಮೀರಬಾಯಿಯವರ ವಿಷಯದಲ್ಲಿ ಅಪಾಯ ಇನ್ನೊಂದು ಬಗೆಯದು. ಹಿಮಾಲಯವಾಲಾ ಎಂಬ ನಟನೊಡನೆ ಆದ ಅವರ ಮದುವೆ ದುಃಖದಾಯಕವಾಗಿತ್ತು. ಅದರಿಂದ ಅವರು ಕಷ್ಟಪಟ್ಟು ಬಿಡುಗಡೆ ಹೊಂದಿದರು. ಆತ ಮುಂದೆ ಪಾಕಿಸ್ತಾನಕ್ಕೆ ಹೋದನು. ಇದು ಪ್ರಸಿದ್ಧ ಸಂಗತಿ. ಇದನ್ನು ಚರಿತ್ರೆಕಾರನು ಮುಚ್ಚಬೇಕೆ, ಹೇಳಬೇಕೆ? ಹೇಳಬೇಕು. ಎಷ್ಟು ಹೇಳಬೇಕೆಂಬುದಕ್ಕೆ ನಾವು ಒಂದು ಅಳತೆಗೋಲನ್ನು ಸೂಚಿಸುತ್ತೇವೆ: ಖಾಸಗಿ ಸಂಗತಿಯೊಂದು ಕಲಾವಿದೆಯ ಕೆಲಸದಲ್ಲಿ, ಸಂಪಾದನೆಯಲ್ಲಿ, ಸ್ವಾತಂತ್ರ್ಯದಲ್ಲಿ ಒಂದು ಬದಲಾವಣೆಯನ್ನು ತಂದಿದ್ದರೆ ಅದು ಜೀವನಚರಿತ್ರೆಗೆ ಸೇರಿದ್ದು, ಓದುಗನ ಕುತೂಹಲವನ್ನು ಮಾತ್ರ ತಣಿಸುವುದಾದರೆ ಅದು ಚರಿತ್ರೆಗೆ ಸೇರಿದ್ದಲ್ಲ. ದುಡಿದು ಗಳಿಸಿದ ಹೆಣ್ಣುಮಗಳ ಹಣದ ಮೇಲೆ ಗಂಡನಿಗೆ ಎಷ್ಟು ಅಧಿಕಾರವಿತ್ತು ಎಂಬ ಪ್ರಶ್ನೆ ಮೊದಲನೆಯ ವರ್ಗದ್ದು. ಮಿಕ್ಕ ವಿವರಗಳಲ್ಲಿ ಬಹಳಷ್ಟು ಎರಡನೆಯದು.

ಈ ಅಳತೆಗೋಲು ಕನ್ನಡ ಚಿತ್ರರಂಗದ ಕಲ್ಪನಾ ಅವರಿಗೂ ಸಲ್ಲುತ್ತದೆ. ಬೆಳ್ಳಿಮೋಡ (1967), ಗೆಜ್ಜೆಪೂಜೆ (1969), ಶರಪಂಜರಗಳ ನಟಿ 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಸಮೀಪದ ಗೋಟೂರಿನಲ್ಲಿ ತೀರಿಕೊಂಡರು. ಅವರ ಮೇಲೆ ಬರೆಯುವವರು ಹೆಚ್ಚಾಗಿ ಆ ಕೊನೆಯ ರಾತ್ರಿಯಿಂದ ಆರಂಭಿಸಿ ಹಿಂದಕ್ಕೆ ನಡೆಯುತ್ತಾರೆ. ಹಾಗೆ ನಡೆದಾಗ ಅವರ ಪ್ರತಿಯೊಂದು ಪಾತ್ರವೂ ಮರಣದ ಮುನ್ಸೂಚನೆಯಂತೆ ಕಾಣುತ್ತದೆ. ಕಾವ್ಯವನ್ನು ಕೊನೆಯ ಪದ್ಯದಿಂದ ಓದಿ ಅರ್ಥ ಹೇಳುವವರನ್ನು ನಾವು ಪಂಡಿತರೆನ್ನುವುದಿಲ್ಲ. ಆ ದಿನಗಳಲ್ಲಿ ಅವರು ನಾಟಕಗಳಲ್ಲಿ ಅಭಿನಯಿಸುತ್ತ ಊರೂರು ಸಂಚರಿಸುತ್ತಿದ್ದರು ಎಂಬ ಸಂಗತಿಗೆ ದೊರೆಯಬೇಕಾದ ಗಮನ ದೊರೆತಿಲ್ಲ. ಚಿತ್ರರಂಗದ ಶಿಖರವನ್ನು ಕಂಡವರು ಕಂಪನಿಯ ರಂಗಕ್ಕೆ ಮರಳಿದ್ದೇಕೆ, ಆ ರಂಗ ಅವರಿಗೆ ಏನನ್ನು ಕೊಟ್ಟಿತು ಎಂಬುದು ನಿಜವಾದ ಸಂಶೋಧನ ವಿಷಯ.

ನಿಂದೆಯ ಬದಲು ಸ್ತುತಿಯನ್ನು ತುಂಬುವುದರಿಂದಲೂ ನ್ಯಾಯ ದೊರೆಯುವುದಿಲ್ಲವೆಂದು ಇಲ್ಲಿಯೇ ಹೇಳಿಬಿಡಬೇಕು. ನಟಿಯನ್ನು ಕೇವಲ ನೊಂದ ಜೀವವಾಗಿ ಚಿತ್ರಿಸಿದರೆ ಓದುಗನ ಕರುಣೆ ದೊರೆಯಬಹುದು. ಆಕೆಯ ಬುದ್ಧಿ, ಹಟ, ವ್ಯವಹಾರಜ್ಞಾನ ಮಾಯವಾಗುತ್ತವೆ. ಚಿತ್ರಮಂದಿರವನ್ನು ಕಟ್ಟಿಸಿದ ಹೆಣ್ಣುಮಗಳು ಲೆಕ್ಕ ಬಲ್ಲವರಾಗಿರಲೇಬೇಕು. ನಟಿಯರು ತಾವೇ ಹೇಳಿಕೊಂಡ ಮಾತಿಗೂ ಪರೀಕ್ಷೆ ತಪ್ಪದು. ಮರಾಠಿಯ ಹಂಸಾ ವಾಡಕರರ ಆತ್ಮಕಥನ 1970ರಲ್ಲಿ ಪ್ರಕಟವಾಯಿತು. ಅದರ ಆಧಾರದ ಮೇಲೆ ಶ್ಯಾಮ ಬೆನೆಗಲ್ಲರು 1977ರಲ್ಲಿ ಭೂಮಿಕಾ ಎಂಬ ಚಿತ್ರವನ್ನು ಮಾಡಿದರು. ದಿಟ್ಟತನದಲ್ಲಿ ಆ ಪುಸ್ತಕಕ್ಕೆ ಸಮನಾದವು ಕಡಿಮೆ. ಆದರೆ ಅದು ಅವರು ಹೇಳಿ, ಇನ್ನೊಬ್ಬರು ಬರೆದುಕೊಂಡದ್ದು. ಹೇಳಿದವರು ಯಾರು, ಬರೆದವರು ಯಾರು, ನಡುವೆ ಯಾವ ಮಾತು ಉಳಿಯಿತು, ಯಾವುದು ಸೋರಿತು ಎಂದು ಕೇಳುವುದು ಅಗೌರವವಲ್ಲ. ವಚನಗಳ ಪಾಠವನ್ನು ಕುರಿತು ನಾವು ಕೇಳುವ ಪ್ರಶ್ನೆಯೇ ಅದು.

7

ಆಧಾರಗಳು ಎಲ್ಲಿವೆ? ಚಿತ್ರಗಳನ್ನೇ ನೋಡೋಣವೆಂದರೆ ಅವುಗಳಲ್ಲಿ ಹಲವು ಉಳಿದಿಲ್ಲ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ಕೊಲ್ಲಾಪುರದಲ್ಲಿ ತಯಾರಾಯಿತು. ಅದರ ನಾಯಿಕೆ ತ್ರಿಪುರಾಂಬಾ. ಆಲಂ ಆರಾದಂತೆ ಅದರ ಪ್ರತಿಯೂ ಇಂದು ಉಳಿದಿಲ್ಲ. ಬೆಂಕಿಗೆ ಬೇಗ ತುತ್ತಾಗುವ ನೈಟ್ರೇಟ್ ಸುರುಳಿಗಳ ಕಾಲವದು. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪಿತವಾದದ್ದು 1964ರಲ್ಲಿ, ಅಂದರೆ ಮೂವತ್ತು ವರ್ಷಗಳ ತರುವಾಯ. ಪತ್ರಿಕೆಗಳನ್ನು ನೋಡಿದರೆ, 1935ರಲ್ಲಿ ಹುಟ್ಟಿದ ಮುಂಬಯಿಯ ಫಿಲ್ಮ್ ಇಂಡಿಯಾದಂಥವುಗಳಲ್ಲಿ ನಟಿಯರ ವಿಷಯದಲ್ಲಿ ಕುಚೋದ್ಯವೇ ಹೆಚ್ಚು. ಅವುಗಳಿಂದ ತೇದಿಯನ್ನು ತೆಗೆದುಕೊಳ್ಳಬಹುದು, ತೀರ್ಪನ್ನು ತೆಗೆದುಕೊಳ್ಳಬಾರದು.

ಮುಂಬಯಿಗೆ ಹೋಗುವ ಮೊದಲಿನ ಕಾಲವನ್ನು ತಿಳಿಯಲು ನಮ್ಮ ಸೀಮೆಯಲ್ಲಿಯೇ ಹುಡುಕಬೇಕು. ಇಲ್ಲಿ ಒಂದು ಸಂಗತಿಯನ್ನು ಸಂಶೋಧಕರು ಮರೆಯುವುದುಂಟು. 1948ರವರೆಗೆ ಗದಗು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಈ ಊರುಗಳೆಲ್ಲ ಒಂದೇ ಗದಗು ಜಿಲ್ಲೆಗೆ ಸೇರಿದ್ದು 1997ರಲ್ಲಿ. ನಾಟಕ ಕಂಪನಿಯೊಂದು ಗದಗಿನಲ್ಲಿ ಮೊಕ್ಕಾಂ ಮುಗಿಸಿ ಲಕ್ಷ್ಮೇಶ್ವರಕ್ಕೆ ಹೋದರೆ ಒಂದು ಆಡಳಿತದಿಂದ ಇನ್ನೊಂದಕ್ಕೆ ಹೋದಂತಾಗುತ್ತಿತ್ತು. ಮುಂಬಯಿ ಇಲಾಖೆ 1934ರಲ್ಲಿ ದೇವದಾಸಿಯರ ರಕ್ಷಣೆಯ ಕಾಯಿದೆಯನ್ನು ಮಾಡಿದಾಗ ಅದು ಗದಗಿಗೆ ಸಲ್ಲುತ್ತಿತ್ತು. ಸಂಸ್ಥಾನಗಳ ಊರುಗಳಿಗೆ ತಾನಾಗಿಯೇ ಸಲ್ಲುತ್ತಿರಲಿಲ್ಲ. ಕಲಾವಂತ ಮನೆತನಗಳ ಹೆಣ್ಣುಮಕ್ಕಳ ಬದುಕನ್ನು ಬರೆಯುವವನಿಗೆ ಈ ಭೇದ ಅಲಕ್ಷಿಸತಕ್ಕದ್ದಲ್ಲ. ಧಾರವಾಡದ ಕಾಗದಪತ್ರಗಳನ್ನಷ್ಟೇ ನೋಡಿ ಕೈ ತೊಳೆದುಕೊಂಡರೆ ಅರ್ಧ ಸೀಮೆ ಕಣ್ಣಿಗೆ ಬಿದ್ದಿರುವುದಿಲ್ಲ.

ಮಿಕ್ಕ ಆಧಾರ ಜನರ ನೆನಪು. ಅದರ ಅವಧಿ ಮುಗಿಯುತ್ತ ಬಂದಿದೆ. 1943ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಇಂದು ತೊಂಬತ್ತು ದಾಟಿದೆ. ಗದಗಿನ ಪಕ್ಕದ ಅಸುಂಡಿಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯನ್ನು ನೆನೆಯೋಣ. ಗದಗು-ಬೆಟಗೇರಿಯ ಥೇಟರುಗಳಿಗೂ ಜಾತ್ರೆಯ ತಗಡಿನ ಮಂಟಪಗಳಿಗೂ ನಾಟಕ ನೋಡಲು ಬಂದು ಹೋದವರು ಇಂಥ ಹಳ್ಳಿಗಳ ಜನ. ಆ ವಿದ್ಯಾರ್ಥಿ ತನ್ನ ಓಣಿಯ ಅಜ್ಜಿಯನ್ನು “ಆ ನಟಿಯ ನಡತೆ ಎಂಥಾದ್ದಾಗಿತ್ತು?” ಎಂದು ಕೇಳಿದರೆ ಅವನಿಗೆ ದೊರೆಯುವುದು ಊರ ಮಾತು. “ಅಜ್ಜಿ, ಯಾವ ನಾಟಕ ನೋಡಿದಿರಿ? ಯಾವ ಪಾತ್ರ ಮಾಡಿದರು? ಹೆಂಗಸರಿಗೆ ಎಲ್ಲಿ ಕೂಡಲು ಜಾಗ ಕೊಟ್ಟಿದ್ದರು? ಟಿಕೀಟಿಗೆ ಎಷ್ಟು ಕೊಟ್ಟಿರಿ? ಅದು ಯಾವ ಮಗ ಹುಟ್ಟುವ ಮೊದಲು?” ಎಂದು ಕೇಳಿದರೆ ದೊರೆಯುವುದು ಸಾಕ್ಷ್ಯ. ಮಗುವಿನ ಹುಟ್ಟು, ಬರದ ವರ್ಷ, ಭಾವಿ ತೋಡಿಸಿದ ವರ್ಷ, ಇವುಗಳಿಗೆ ಕಟ್ಟಿಹಾಕಿದ ನೆನಪನ್ನು ಪಂಚಾಂಗಕ್ಕೆ ಹೊಂದಿಸಬಹುದು. ಹೇಳಿದವರ ಮಾತನ್ನು ಅವರದೇ ನುಡಿಯಲ್ಲಿ, ತಾನು ಕೇಳಿದ ಪ್ರಶ್ನೆಯ ಸಮೇತ ಬರೆದಿಡಬೇಕು. ಅಜ್ಜಿ ತಾವೇ ಕಂಡದ್ದು ಯಾವುದು, ಇನ್ನೊಬ್ಬರಿಂದ ಕೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆ ಗುರುತಿಸಬೇಕು. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕರಪತ್ರವೋ ಹಾಡಿನ ಪುಸ್ತಕವೋ ಉಳಿದಿದ್ದರೆ ಅದನ್ನು ಕೊಂಡೊಯ್ಯದೆ, ಅಲ್ಲಿಯೇ ಛಾಯಾಚಿತ್ರ ತೆಗೆದುಕೊಂಡು ಬರುವುದು ಮರ್ಯಾದೆ.

8

ಕೊನೆಯದಾಗಿ ಭಾಷೆಯ ಮಾತು. ನಮ್ಮಲ್ಲಿ ಪ್ರಾಚೀನ ಕವಿಗಳನ್ನು ಏಕವಚನದಲ್ಲಿ ಹೇಳುವ ಸಂಪ್ರದಾಯವಿದೆ. ಪಂಪನು ಬರೆದನು, ಅತ್ತಿಮಬ್ಬೆ ಕಟ್ಟಿಸಿದಳು ಎನ್ನುವುದರಲ್ಲಿ ಅಗೌರವವಿಲ್ಲ. ಅಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ವಚನ. ರಂಗಭೂಮಿಯ ಚರಿತ್ರೆಗಳಲ್ಲಿ ಹಾಗಿಲ್ಲ. ‘ಅವರು ಹಾಡಿದರು, ಅವಳು ಕುಣಿದಳು’ ಎಂದು ಒಂದೇ ವಾಕ್ಯದಲ್ಲಿ ನಟನಿಗೆ ಬಹುವಚನ, ನಟಿಗೆ ಏಕವಚನ ಬರುವುದನ್ನು ನಾವು ಪದೇ ಪದೇ ಕಾಣುತ್ತೇವೆ. ಬರೆದವರಿಗೆ ಅದು ಅರಿವಿಗೆ ಬಂದಿರಲಾರದು. ಆದರೆ ತೀರ್ಪು ಆ ಕ್ರಿಯಾಪದದಲ್ಲಿಯೇ ಕೊಡಲ್ಪಟ್ಟಿರುತ್ತದೆ. ಮುಂದಿನ ಪುಟಗಳ ಸಾಕ್ಷ್ಯಕ್ಕೆ ಕೆಲಸವೇ ಉಳಿದಿರುವುದಿಲ್ಲ. ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಗಳು ತಮ್ಮ ಕರಡಿನಲ್ಲಿ ಮೊದಲು ತಿದ್ದಬೇಕಾದದ್ದು ಇದನ್ನು.

ನಾವು ಹೊಸ ಸಿದ್ಧಾಂತವೊಂದನ್ನು ಮಂಡಿಸಿಲ್ಲ. ಕವಿಗಳಿಗೆ ಸಲ್ಲಿಸಿದ ನ್ಯಾಯವನ್ನು ನಟಿಯರಿಗೂ ಸಲ್ಲಿಸಬೇಕೆಂದು ಕೇಳಿದ್ದೇವೆ: ಹೆಸರನ್ನು ಗುರುತಿಸುವುದು, ತೇದಿಗಳನ್ನು ಜೋಡಿಸುವುದು, ಐತಿಹ್ಯವನ್ನು ಪ್ರಮಾಣದಿಂದ ಬೇರ್ಪಡಿಸುವುದು, ಕೃತಿಯನ್ನು ಮುಂದಿಟ್ಟು ಉಳಿದುದನ್ನು ಹಿಂದಿಡುವುದು. 1921 ಮತ್ತು 1938, ಈ ಎರಡು ಅಂಕಿಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನು ಬರೆದು ನೋಡುವಷ್ಟು ತಾಳ್ಮೆ ಮೊದಲೇ ಯಾರಿಗಾದರೂ ಇದ್ದಿದ್ದರೆ ಬೀಳಗಿಯ ಹೆಣ್ಣುಮಗಳೊಬ್ಬರು ಇಷ್ಟು ಕಾಲ ಆ ಅಪವಾದವನ್ನು ಹೊರಬೇಕಾಗಿರಲಿಲ್ಲ. ಅಮೀರಬಾಯಿಯವರ ಕಂಠವಾದರೂ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ, ಯಾರೂ ಕೇಳಬಹುದು. ಹಾಗೆ ಉಳಿಯದ ಕಂಠಗಳು ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿಯಲ್ಲಿ, ಗದಗಿನಲ್ಲಿ ಎಷ್ಟೋ ಇದ್ದವು. ಅವುಗಳನ್ನು ಕೇಳಿದ ಕಿವಿಗಳು ಇನ್ನೂ ಕೆಲವು ಉಳಿದಿರುವಾಗಲೇ ನಮ್ಮ ವಿದ್ಯಾರ್ಥಿಗಳು ಅವರ ಬಾಗಿಲಿಗೆ ಹೋಗಲಿ ಎಂಬುದು ನಮ್ಮ ಆಶಯ.